ಟರ್ನರನ ನೀಲಿ ಬೆಟ್ಟ: ಕರಡು ಮತ್ತು ಕೃತಿ

ಕಳೆದ ವರ್ಷ ಶ್ರಾವಣಮಾಸದ ಉಪನ್ಯಾಸಮಾಲೆಯಲ್ಲಿ ಒಂದು ದಿನ ಶಾಸ್ತ್ರವಿಚಾರವನ್ನು ಬದಿಗಿರಿಸಿ ಚಿತ್ರಕಲೆಯನ್ನು ಕುರಿತು ಎರಡು ಮಾತುಗಳನ್ನಾಡಿದ್ದೆವು. ಇಂಗ್ಲೆಂಡಿನ ಚಿತ್ರಕಾರ ಜೋಸೆಫ್ ಮ್ಯಾಲರ್ಡ್ ವಿಲಿಯಂ ಟರ್ನರ್ (1775-1851) 1842ರಲ್ಲಿ ಬರೆದ ‘ನೀಲಿ ರಿಗಿ’ ಎಂಬ ಜಲವರ್ಣ ನಿಸರ್ಗಚಿತ್ರವನ್ನೂ, ಅದಕ್ಕೆ ಮುನ್ನ ಆತನೇ ಸಿದ್ಧಪಡಿಸಿದ ಸಣ್ಣ ಕರಡನ್ನೂ ಅಕ್ಕಪಕ್ಕದಲ್ಲಿರಿಸಿ ನೋಡಿದರೆ ಕರಡೇ ಶ್ರೇಷ್ಠವೆನಿಸುತ್ತದೆಂದೂ, ಪೂರ್ಣಚಿತ್ರವು ಅದೇ ಭಾವಕ್ಕೆ ತೊಡಿಸಿದ ಆಭರಣಮಾತ್ರವೆಂದೂ ಅಂದು ನಾವು ಅಭಿಪ್ರಾಯಪಟ್ಟುದು ಕೆಲವರಿಗೆ ನೆನಪಿರಬಹುದು. ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲೊಬ್ಬರು, ಈಗ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕರಾಗಿರುವವರು, ಎಂಟು ದಿನಗಳೊಳಗೆ ನಮಗೊಂದು ಕಾಗದ ಬರೆದರು. ‘ಪೂಜ್ಯರು ಕರಡನ್ನು ನೋಡಿದ್ದಾರೆ, ಕೃತಿಯನ್ನು ನೋಡಿದಂತೆ ಕಾಣುವುದಿಲ್ಲ’ ಎಂಬುದು ಅದರ ಸಾರಾಂಶ. ವಿನಯದಿಂದಲೇ ಬರೆದ ಮಾತಾದರೂ ಅದರಲ್ಲಿ ಪೆಟ್ಟಿತ್ತು. ಪೆಟ್ಟಿನಲ್ಲಿ ಸತ್ಯಾಂಶವೂ ಇತ್ತು. ಆ ಋಣವನ್ನು ತೀರಿಸುವ ಪ್ರಯತ್ನವೇ ಈ ಲೇಖನ.

ಮೊದಲು ಸ್ಥಳಪರಿಚಯ. ಸ್ವಿಟ್ಜರ್ಲೆಂಡಿನ ಲೂಸರ್ನ್ ಪಟ್ಟಣವು ಅದೇ ಹೆಸರಿನ ಸರೋವರದ ದಂಡೆಯಲ್ಲಿದೆ. ದಂಡೆಯಲ್ಲಿ ನಿಂತು ಪೂರ್ವಾಭಿಮುಖವಾಗಿ ನೋಡಿದರೆ ಸುಮಾರು 13 ಕಿಲೋಮೀಟರು ದೂರದಲ್ಲಿ, ನೀರಿನಾಚೆ, ರಿಗಿ ಪರ್ವತ ಕಾಣುತ್ತದೆ. ಅದರ ಎತ್ತರ ಸಮುದ್ರಮಟ್ಟದಿಂದ 1797 ಮೀಟರು. ಆಲ್ಪ್ಸ್ ಶಿಖರಗಳ ನಡುವೆ ಅದು ದೊಡ್ಡದೇನೂ ಅಲ್ಲ. ಆದರೆ ಒಂಟಿಯಾಗಿ, ನೀರಿನ ಅಂಚಿನಿಂದಲೇ ಮೇಲೆದ್ದು ನಿಂತಿರುವುದರಿಂದ ಅದಕ್ಕೊಂದು ಘನತೆಯಿದೆ. 1841ರಿಂದ 1844ರವರೆಗೆ ಪ್ರತಿ ಬೇಸಗೆಯಲ್ಲಿಯೂ ಟರ್ನರ್ ಸ್ವಿಟ್ಜರ್ಲೆಂಡಿಗೆ ಹೋದನು. ಆಗ ಆತನಿಗೆ ಅರವತ್ತೈದು ದಾಟಿತ್ತು. ಬೆಟ್ಟವು ಊರಿಗೆ ಪೂರ್ವದಲ್ಲಿರುವುದರಿಂದ ಬೆಳಗಿನ ಸೂರ್ಯ ಅದರ ಹಿಂದೆ ಹುಟ್ಟುತ್ತಾನೆ. ನಮ್ಮ ಕಡೆಗಿರುವ ಮೈ ನೆರಳಿನಲ್ಲಿದ್ದು, ನಡುವಣ ಗಾಳಿಯ ದಪ್ಪದಿಂದ ನೀಲಿಯಾಗಿ ಕಾಣುತ್ತದೆ. ಸಂಜೆ ಪಶ್ಚಿಮದ ಬೆಳಕು ನೇರವಾಗಿ ಬಿದ್ದು ಅದೇ ಮೈ ಕೆಂಪಾಗುತ್ತದೆ. ನೀಲಿ ರಿಗಿಯೂ ಕೆಂಪು ರಿಗಿಯೂ ಹೀಗೆ ಕವಿಕಲ್ಪನೆಗಳಲ್ಲ, ಒಂದೇ ದಂಡೆಯಿಂದ ಎರಡು ಹೊತ್ತಿನಲ್ಲಿ ಕಂಡ ಕಾಣ್ಕೆಗಳು. ಮುಂಜಾವಿನದೇ ಇನ್ನೊಂದು, ‘ಕಪ್ಪು ರಿಗಿ’ ಎಂಬುದೂ ಇದೆ. ಮೂರನ್ನೂ ಬರೆದದ್ದು 1842ರಲ್ಲಿಯೇ.

ಇನ್ನು ‘ಕರಡು’ ಎಂಬ ಮಾತಿನ ಹಿಂದಿರುವ ವ್ಯವಹಾರವನ್ನೂ ಹೇಳಬೇಕು. ಏಕೆಂದರೆ ನಾವು ಅಂದು ಊಹಿಸಿದಂತೆ ಇದು ಕಲಾವಿದನ ಏಕಾಂತದ ಉದ್ಗಾರವಲ್ಲ. ಗಿರಾಕಿಗೆ ತೋರಿಸಲೆಂದು ಸಿದ್ಧಪಡಿಸಿದ ಮಾದರಿ. ಪ್ರವಾಸದಿಂದ ಮರಳಿದ ಮೇಲೆ ಟರ್ನರ್ ಹದಿನೈದು ಮಾದರಿಗಳನ್ನು ತನ್ನ ಮಧ್ಯವರ್ತಿಯಾದ ಥಾಮಸ್ ಗ್ರಿಫಿತ್‌ನ ಕೈಗಿತ್ತನು. ಇವುಗಳಲ್ಲಿ ಹತ್ತನ್ನು ಕೊಳ್ಳುವವರ ಇಚ್ಛೆಯಂತೆ ಪೂರ್ಣಚಿತ್ರಗಳನ್ನಾಗಿ ಮಾಡಿಕೊಡುವುದೆಂಬುದು ಏರ್ಪಾಡು. ಪೂರ್ಣಗೊಂಡಾಗ ಹೇಗಿರುತ್ತವೆಂಬುದಕ್ಕೆ ಸಾಕ್ಷಿಯಾಗಿ ನಾಲ್ಕನ್ನು ಮುಂಚಿತವಾಗಿಯೇ ಬರೆದುಕೊಟ್ಟನು. ನೀಲಿ ರಿಗಿ ಆ ನಾಲ್ಕರಲ್ಲೊಂದು. ಬೆಲೆ, ಮಧ್ಯವರ್ತಿಯ ದಲ್ಲಾಳಿ ಸೇರಿ, ಒಂದಕ್ಕೆ 80 ಗಿನಿ. ಜಾನ್ ರಸ್ಕಿನ್ ಮುಂದೆ 1878ರಲ್ಲಿ ಈ ವೃತ್ತಾಂತವನ್ನು ದಾಖಲಿಸಿದ್ದಾನೆ. ಅದರಂತೆ ಬಹುಕಾಲದ ಗಿರಾಕಿಗಳೇ ಶೈಲಿ ಬದಲಾಗಿದೆಯೆಂದು ಹಿಂಜರಿದರು. ಹೇಗೋ ಒಂಬತ್ತಕ್ಕೆ ಬೇಡಿಕೆ ಬಂದಿತು. ಹತ್ತನೆಯದು ಗ್ರಿಫಿತ್‌ನ ದಲ್ಲಾಳಿಗೆ ಜಮೆಯಾಯಿತು. ನೀಲಿ ರಿಗಿಯನ್ನು ಕೊಂಡವನು ಬಿಕ್ನೆಲ್ ಎಂಬ ತಿಮಿಂಗಿಲದ ಎಣ್ಣೆಯ ವ್ಯಾಪಾರಿ. ಇಷ್ಟು ದೊಡ್ಡ ಕಲಾವಿದ, ಇಷ್ಟು ಪ್ರಬುದ್ಧ ವಯಸ್ಸಿನಲ್ಲಿ, ಜವಳಿ ಅಂಗಡಿಯ ತುಂಡುಬಟ್ಟೆಗಳಂತೆ ಮಾದರಿಗಳನ್ನು ಮುಂದಿಟ್ಟು ಕಾಯಬೇಕಾಯಿತೆಂಬುದನ್ನು ನೆನೆದರೆ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಗುತ್ತದೆ. ಆತನಿಗೇನೂ ಹಾಗೆನಿಸಿದಂತಿಲ್ಲ.

ಈಗ ಚಿತ್ರಗಳಿಗೆ ಬರೋಣ. ಕೆಲವು ವರ್ಷಗಳ ಹಿಂದೆ ಭಕ್ತರ ಆಹ್ವಾನದ ಮೇರೆಗೆ ಲಂಡನ್ನಿಗೆ ಹೋಗಿದ್ದಾಗ ಟೇಟ್ ಸಂಗ್ರಹಾಲಯದ ಅಧ್ಯಯನಕೊಠಡಿಯಲ್ಲಿ ಇವೆರಡನ್ನೂ ಮೇಜಿನ ಮೇಲಿರಿಸಿಕೊಂಡು ನೋಡುವ ಸುಯೋಗ ನಮಗೆ ಒದಗಿತು. ಜಲವರ್ಣಗಳನ್ನು ಗೋಡೆಯ ಮೇಲೆ ಸದಾ ತೂಗುಹಾಕುವ ಹಾಗಿಲ್ಲ. ಬೆಳಕೇ ಅವುಗಳಿಗೆ ಶತ್ರು. ಬೆಳಕನ್ನೇ ಬರೆದವನ ಚಿತ್ರಗಳನ್ನು ಬೆಳಕಿನಿಂದ ಮರೆಮಾಡಿ ಪೆಟ್ಟಿಗೆಯಲ್ಲಿ ಕಾಪಾಡಬೇಕಾಗಿದೆ.

ಕರಡು ಚಿಕ್ಕದು: ಸುಮಾರು 23 ಸೆಂಟಿಮೀಟರು ಎತ್ತರ, 33 ಸೆಂಟಿಮೀಟರು ಅಗಲ. ಅದರಲ್ಲಿರುವುದು ಬಹಳ ಕಡಮೆ. ಒಂದು ಬೆಟ್ಟ, ಒಂದು ಆಕಾಶ, ಒಂದು ನೀರು. ಬಣ್ಣವನ್ನು ಧಾರಾಳವಾಗಿ ನೀರಿನಲ್ಲಿ ಕಲಸಿ, ಅಗಲವಾದ ಕುಂಚದಿಂದ ಕಾಗದದ ಮೇಲೆ ಹರಿಯಬಿಟ್ಟಿದ್ದಾನೆ. ಇದಕ್ಕೆ ಆ ಕಲೆಯವರು ‘ವಾಷ್’ ಎನ್ನುತ್ತಾರೆ, ನಾವು ತೆಳುಲೇಪವೆನ್ನಬಹುದು. ಮಂದವಾದ ಹಳದಿಯ ಲೇಪ ಆಕಾಶವಾಗುತ್ತದೆ. ನೀಲಿಯ ಲೇಪ ಬೆಟ್ಟವಾಗುತ್ತದೆ. ಅದೇ ನೀಲಿ ಇನ್ನಷ್ಟು ನೀರಾಗಿ ಕೆಳಗಿಳಿದು ಸರೋವರದಲ್ಲಿ ಬೆಟ್ಟದ ನೆರಳಾಗುತ್ತದೆ. ವಿವರವೆಂಬುದು ಹೆಚ್ಚಾಗಿ ಇಲ್ಲ.

ಇದರ ಕಷ್ಟವೇನೆಂಬುದು ಒಮ್ಮೆಯಾದರೂ ಕುಂಚ ಹಿಡಿದವರಿಗೆ ಗೊತ್ತು. ವಿಶ್ವವಿದ್ಯಾನಿಲಯದ ವಸತಿನಿಲಯದಲ್ಲಿದ್ದಾಗ ಪಕ್ಕದ ಕೋಣೆಯಲ್ಲಿ ಚಿತ್ರಕಲೆಯ ವಿದ್ಯಾರ್ಥಿಯೊಬ್ಬರಿದ್ದರು. ಅವರ ಒತ್ತಾಯಕ್ಕೆ ನಾವೂ ಒಂದು ಭಾನುವಾರ ಎದುರಿನ ಗುಡ್ಡವನ್ನು ಬರೆಯಲು ಕುಳಿತೆವು. ಆಕಾಶ ಆರುವ ಮೊದಲೇ ಗುಡ್ಡವನ್ನು ಹಚ್ಚಿದ್ದರಿಂದ ಗುಡ್ಡವು ಆಕಾಶದೊಳಕ್ಕೆ ಹರಿದುಹೋಯಿತು. ಎರಡನೆಯ ಕಾಗದದಲ್ಲಿ ಆರಲೆಂದು ಕಾದೆವು, ಅತಿಯಾಗಿ ಕಾದೆವು, ಅಂಚು ಕತ್ತರಿಸಿ ಅಂಟಿಸಿದಂತಾಯಿತು. ಮೂರನೆಯದರಲ್ಲಿ ತಿದ್ದಲು ಹೋಗಿ ಕೆಸರು ಮಾಡಿದೆವು. ತೈಲವರ್ಣದಲ್ಲಿ ತಪ್ಪಿದ್ದನ್ನು ಕೆರೆದು ಮತ್ತೆ ಹಚ್ಚಬಹುದು. ಜಲವರ್ಣದಲ್ಲಿ ಬಣ್ಣವು ಪಾರದರ್ಶಕ. ಕೆಳಗಿನ ತಪ್ಪು ಮೇಲಿನ ಪದರದ ಮೂಲಕ ಇಣುಕುತ್ತದೆ. ಅಂಟುಗೋಂದಿನಲ್ಲಿ ಅರೆದ ಬಣ್ಣ, ನೀರು, ಸರೇಸು ಲೇಪಿಸಿದ ಕಾಗದ, ಆ ದಿನದ ಹವೆ, ಇವು ನಾಲ್ಕೂ ಒಪ್ಪಿದಾಗ ಮಾತ್ರ ಲೇಪವು ಸಮನಾಗಿ ಕೂರುತ್ತದೆ. ಕುಂಚ ಎತ್ತಬೇಕಾದ ಕ್ಷಣ ಯಾವುದೆಂಬುದನ್ನು ಗ್ರಂಥದಿಂದ ಕಲಿಯಲಾಗದು.

ಎಲ್ಲಕ್ಕಿಂತ ಮುಖ್ಯವಾದದ್ದು ಬಿಳುಪು. ಶುದ್ಧ ಜಲವರ್ಣಪದ್ಧತಿಯಲ್ಲಿ ಬಿಳಿಯನ್ನು ಹಚ್ಚುವುದಿಲ್ಲ, ಉಳಿಸಿಕೊಳ್ಳುತ್ತಾರೆ. ಕಾಗದವೇ ಬೆಳಕು. ಬೆಳಕು ತೆಳುಲೇಪವನ್ನು ದಾಟಿ ಒಳಹೊಕ್ಕು, ಕಾಗದದ ಬಿಳುಪಿಗೆ ತಾಗಿ, ಬಣ್ಣವನ್ನು ಹೊತ್ತು ನಮ್ಮ ಕಣ್ಣಿಗೆ ಮರಳುತ್ತದೆ. ಹೀಗಾಗಿ ಚಿತ್ರಕಾರನು ಮೊದಲ ಲೇಪವನ್ನು ಹರಿಸುವ ಮುನ್ನವೇ ತನ್ನ ಚಿತ್ರದಲ್ಲಿ ಎಲ್ಲಿ ಏನನ್ನೂ ಮಾಡಬಾರದೆಂಬುದನ್ನು ನಿಶ್ಚಯಿಸಿರಬೇಕು. ಕರಡಿನಲ್ಲಿ ಈ ಸಂಯಮ ಕಣ್ಣಿಗೆ ಕಟ್ಟುವಂತಿದೆ. ನಾವು ಅದಕ್ಕೆ ಮನಸೋತದ್ದು ತಪ್ಪೆಂದು ಇಂದಿಗೂ ಹೇಳಲಾರೆವು.

ಆದರೆ ನಮ್ಮ ತಪ್ಪು ಎಲ್ಲಿತ್ತೆಂದರೆ, ಪೂರ್ಣಚಿತ್ರವನ್ನು ‘ಅದೇ, ಮತ್ತಷ್ಟು ವಿವರಗಳೊಡನೆ’ ಎಂದು ತಿಳಿದದ್ದರಲ್ಲಿ. ಶಿಕ್ಷಕರ ಕಾಗದ ಬಂದ ಮೇಲೆ, ಅಂದು ಮೇಜಿನ ಬಳಿ ಬರೆದುಕೊಂಡಿದ್ದ ಟಿಪ್ಪಣಿಗಳನ್ನೂ ಒಳ್ಳೆಯ ಅಚ್ಚಿನ ಪ್ರತಿಯನ್ನೂ ಮುಂದಿರಿಸಿಕೊಂಡು ಕುಳಿತೆವು.

ಪೂರ್ಣಚಿತ್ರದ ಅಳತೆ ಸುಮಾರು 30ಕ್ಕೆ 45 ಸೆಂಟಿಮೀಟರು. ಕರಡಿನಲ್ಲಿದ್ದ ಮೂರು ಲೇಪಗಳ ಕಟ್ಟಡ ಇಲ್ಲಿಯೂ ಅಡಿಯಲ್ಲಿದೆ. ಆದರೆ ಅದರ ಮೇಲೆ ಟರ್ನರ್ ಒಣಗಿದ ಕುಂಚದ ಸಣ್ಣ ಮೊನೆಯಿಂದ ಸಹಸ್ರಾರು ಎಳೆಗಳನ್ನು, ಒಂದರ ಪಕ್ಕ ಒಂದು, ಒಂದರ ಮೇಲೊಂದು, ನೇಯ್ದಿದ್ದಾನೆ. ದೂರದಿಂದ ಅವು ಕಾಣುವುದಿಲ್ಲ. ಬೆಟ್ಟಕ್ಕೆ ಉಸಿರಾಡುವ ಮೈ ಬಂದಂತೆ ತೋರುತ್ತದೆ. ನೀಲಿಯ ಸಮತಟ್ಟಾದ ಲೇಪವೊಂದು ಬೆಟ್ಟದ ಆಕಾರವನ್ನು ಕೊಡಬಲ್ಲುದು, ಬೆಟ್ಟಕ್ಕೂ ನಮಗೂ ನಡುವೆ ಇರುವ ಗಾಳಿಯನ್ನು ಕೊಡಲಾರದು. ಒಂದೇ ನೀಲಿಯಲ್ಲಿ ನೂರು ಬಗೆಯ ನೀಲಿಗಳು ಸೇರಿಕೊಂಡಾಗ ಮಾತ್ರ ಕಣ್ಣು ಆ ಹದಿಮೂರು ಕಿಲೋಮೀಟರುಗಳನ್ನು ದಾಟುತ್ತದೆ.

ನೀಲಿ-ಹಳದಿಗಳ ಸಮಸ್ಯೆಯನ್ನೂ ಇಲ್ಲಿ ಗಮನಿಸಬೇಕು. ಮುಂಜಾವಿನ ಆಕಾಶ ಹಳದಿ, ಬೆಟ್ಟ ನೀಲಿ. ಪಾರದರ್ಶಕ ವರ್ಣಗಳಲ್ಲಿ ಒಂದರ ಮೇಲೊಂದು ಬಿದ್ದರೆ ಹಸಿರಾಗುತ್ತದೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಹಸಿರಾದ ಮುಂಜಾವು ರೋಗಗ್ರಸ್ತವಾಗಿ ಕಾಣುತ್ತದೆ. ಎರಡರ ನಡುವೆ ಗೆರೆ ಬಿಟ್ಟರೆ ಬೆಟ್ಟಕ್ಕೆ ಬಿಳಿಯ ಅಂಚುಪಟ್ಟಿ ಕಟ್ಟಿದಂತಾಗುತ್ತದೆ. ಟರ್ನರ್ ಶಿಖರದ ಬಳಿ ಹಳದಿಯನ್ನು ಅತಿ ತೆಳುವಾಗಿಸಿ, ನೀಲಿಯನ್ನು ಸಣ್ಣ ಎಳೆಗಳಾಗಿ ಅದರ ಕಡೆಗೆ ನಡೆಸಿಕೊಂಡು ಹೋಗಿ, ಎರಡನ್ನೂ ಮುಟ್ಟಿಸಿಯೂ ಮುಟ್ಟಿಸದಂತೆ ನಿಲ್ಲಿಸಿದ್ದಾನೆ. ಸೂರ್ಯ ಇನ್ನೂ ಹುಟ್ಟಿಲ್ಲ, ಇದೀಗ ಹುಟ್ಟುತ್ತಾನೆ ಎಂಬ ನಿರೀಕ್ಷೆಯೆಲ್ಲ ಈ ಅಂಚಿನ ನವುರಿನಲ್ಲಿಯೇ ಇದೆ. ನಮ್ಮ ಮಟ್ಟಿಗೆ ಇಡೀ ಚಿತ್ರದ ಮರ್ಮಸ್ಥಾನ ಅದು. ಕರಡನ್ನು ನೋಡುವಾಗ ಇಂಥ ಪ್ರಶ್ನೆಯೇ ನಮ್ಮಲ್ಲಿ ಹುಟ್ಟಿರಲಿಲ್ಲ.

ಆಕಾಶದ ಮೇಲ್ಭಾಗದಲ್ಲಿ ಶುಕ್ರನಕ್ಷತ್ರವಿದೆ; ನಮ್ಮ ರೈತರು ಬೆಳ್ಳಿ ಎನ್ನುವುದು. ಅದನ್ನು ಬಿಳಿಬಣ್ಣದಿಂದ ಚುಕ್ಕಿಯಿಟ್ಟದ್ದಲ್ಲ. ಲೇಪಗಳೆಲ್ಲ ಒಣಗಿದ ಮೇಲೆ ಕಾಗದದ ಮೈಯನ್ನೇ ಕೆರೆದು, ಅಡಿಯಲ್ಲಿ ಹುದುಗಿದ್ದ ಬಿಳುಪನ್ನು ಹೊರತೆಗೆದದ್ದು. ಟರ್ನರ್ ಕೆಲಸ ಮಾಡುವಾಗ ಕುಂಚಕ್ಕಷ್ಟೇ ಕಟ್ಟುಬಿದ್ದವನಲ್ಲ. ಹಸಿಬಣ್ಣವನ್ನು ಬಟ್ಟೆಯಿಂದ ಹೀರಿಸುತ್ತಿದ್ದನು, ಚೂರಿಯ ಮೊನೆಯಿಂದ ಕೆರೆಯುತ್ತಿದ್ದನು. 1818ರಲ್ಲಿ ಫಾರ್ನ್‌ಲಿ ಎಂಬಲ್ಲಿ ಸ್ನೇಹಿತನ ಮನೆಯಲ್ಲಿದ್ದಾಗ ಒಂದೇ ಬೆಳಗಿನಲ್ಲಿ ಯುದ್ಧನೌಕೆಯ ಚಿತ್ರವೊಂದನ್ನು ಮುಗಿಸಿದನೆಂದೂ, ಆಗ ಹೆಬ್ಬೆರಳಿನ ಉಗುರಿನಿಂದಲೇ ಕಾಗದವನ್ನು ಗೀರಿ ಅಲೆಗಳನ್ನೆಬ್ಬಿಸಿದನೆಂದೂ ನೋಡಿದವರು ಹೇಳಿದ್ದಾರೆ. ಸೌಮ್ಯವಾದ ಈ ನಸುಕಿನ ಚಿತ್ರದಲ್ಲಿಯೂ ಆ ಒರಟುತನ ಒಂದು ಚುಕ್ಕಿಯಷ್ಟು ಉಳಿದಿದೆ. ಗಾಯ ಮಾಡಿ ತೆಗೆದ ನಕ್ಷತ್ರವೆಂದರೆ ಅತಿಶಯೋಕ್ತಿಯಾದೀತು. ಆದರೂ ಕಾಗದವನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಅಲ್ಲಿ ನಾರು ಎದ್ದಿರುವುದು ಕಂಡಿತು.

ಸಂಯೋಜನೆಯ ದೃಷ್ಟಿಯಿಂದಲೂ ಈ ನಕ್ಷತ್ರಕ್ಕೆ ಕೆಲಸವಿದೆ. ಬೆಟ್ಟವು ಚಿತ್ರದ ನಡುವೆಯೇ ಕುಳಿತಿದೆ. ಕೆಳಗೆ ಅದರ ಪ್ರತಿಬಿಂಬ. ನಡುವಿನಲ್ಲಿ ಕೂರಿಸುವುದು ಅಪಾಯದ ಕೆಲಸ. ದೃಷ್ಟಿ ನೇರವಾಗಿ ಹೋಗಿ ಅಲ್ಲಿಯೇ ನಿಂತುಬಿಡುತ್ತದೆ. ನಿಂತ ದೃಷ್ಟಿ ಬೇಗ ಬೇಸರಗೊಳ್ಳುತ್ತದೆ. ಅದಕ್ಕಾಗಿ ಚಿತ್ರಕಾರರು ಮುಖ್ಯವಸ್ತುವನ್ನು ಒಂದು ಬದಿಗೆ ಸರಿಸುವುದುಂಟು. ಟರ್ನರ್ ಬೆಟ್ಟವನ್ನು ಸರಿಸದೆ ನಮ್ಮ ದೃಷ್ಟಿಯನ್ನು ಸರಿಸುತ್ತಾನೆ. ಮೇಲೆ ಒಂದು ಬಿಳಿಯ ಚುಕ್ಕಿ, ಬೆಟ್ಟದ ಬುಡದಲ್ಲಿ ತೆಳುಮಂಜು, ನೀರಿನ ಮೇಲೆ ಬೆರಳುಗುರಿನಷ್ಟು ಚಿಕ್ಕ ದೋಣಿಗಳು, ತೀರ ಮುಂದೆ ಬೆಚ್ಚನೆಯ ಕಂದುಬಣ್ಣದ ಕಲಕಾಟ. ನೋಟವು ಮೇಲಕ್ಕೇರಿ, ಇಳಿದು, ದೋಣಿಯ ಚಿಕ್ಕತನದಿಂದ ಬೆಟ್ಟದ ದೊಡ್ಡತನವನ್ನಳೆದು, ಮತ್ತೆ ಬೆಟ್ಟಕ್ಕೇ ಮರಳುತ್ತದೆ. ಕರಡಿನಲ್ಲಿ ಬೆಟ್ಟ ದೊಡ್ಡದೆಂದು ನಾವು ಭಾವಿಸುತ್ತೇವೆ. ಇಲ್ಲಿ ಅಳೆದು ತಿಳಿಯುತ್ತೇವೆ.

ನಮಗೆ ಇಂದಿಗೂ ತೊಡಕಾಗಿರುವುದು ಆ ಮುಂಭಾಗದ ಕಲಕಾಟ. ಅಷ್ಟು ಪ್ರಶಾಂತವಾದ ನಸುಕಿನಲ್ಲಿ, ದಂಡೆಯ ಬಳಿ, ಕೋವಿಯ ಸದ್ದಿಗೆ ಬೆದರಿದ ಬಾತುಕೋಳಿಗಳು ನೀರಿನಿಂದೇಳುತ್ತಿವೆ. ಅವುಗಳ ಬೆನ್ನಟ್ಟಿ ನಾಯಿಗಳು ಸರೋವರಕ್ಕೆ ಹಾರುತ್ತಿವೆ. ಅಂದಿನ ಉಪನ್ಯಾಸದಲ್ಲಿ ಇದನ್ನೇ ನಾವು ‘ಅನುಚಿತ’ವೆಂದು ಕರೆದದ್ದು. ಔಚಿತ್ಯವೇ ಕಾವ್ಯದ ಜೀವಿತವೆಂದ ಕ್ಷೇಮೇಂದ್ರನನ್ನೂ ಸಾಕ್ಷಿಗೆ ಕರೆದಿದ್ದೆವು. ಶಾಂತರಸದ ನಡುವೆ ಬೇಟೆಯ ಗದ್ದಲವೇಕೆ? ಪ್ರಾಣಿಹಿಂಸೆಯನ್ನು ಒಪ್ಪದ ನಮ್ಮ ಮನಸ್ಸು ಈ ಆಕ್ಷೇಪಕ್ಕೆ ಇನ್ನಷ್ಟು ಬಲಕೊಟ್ಟಿರಬೇಕೆಂಬುದನ್ನು ಮುಚ್ಚಿಡುವುದಿಲ್ಲ. ವಿಮರ್ಶಕನ ಅಭಿರುಚಿಯೊಳಗೆ ಅವನ ಆಚಾರವೂ ಸೇರಿಕೊಂಡಿರುತ್ತದೆ. ಅದನ್ನು ಬೇರ್ಪಡಿಸಿ ನೋಡುವುದು ನಾವು ತಿಳಿದಷ್ಟು ಸುಲಭವಲ್ಲ.

ಶಿಕ್ಷಕರು ತಮ್ಮ ಕಾಗದದಲ್ಲಿ ಒಂದೇ ವಾಕ್ಯದಿಂದ ಇದಕ್ಕೆ ಉತ್ತರಿಸಿದ್ದರು: ಸದ್ದಿಲ್ಲದೆ ಮೌನವನ್ನು ಬರೆಯುವುದು ಹೇಗೆ? ನಮ್ಮ ಅಲಂಕಾರಶಾಸ್ತ್ರ ಇದನ್ನು ಅರಿಯದ್ದೇನಲ್ಲ. ನಡುರಾತ್ರಿಯ ನಿಶ್ಶಬ್ದವನ್ನು ಹೇಳಬೇಕಾದ ಕವಿ ಎಲ್ಲೋ ದೂರದಲ್ಲಿ ನಾಯಿಯೊಂದನ್ನು ಬೊಗಳಿಸುತ್ತಾನೆ. ಬೆಳಗಿನ ಜಾವದಲ್ಲಿ ಕೆರೆಯ ದಂಡೆಗೆ ಹೋದವರಿಗೆ ಗೊತ್ತು: ಕಲ್ಲೊಂದು ನೀರಿಗೆ ಬಿದ್ದಾಗಲೇ ಅಷ್ಟು ಹೊತ್ತಿನಿಂದ ಎಷ್ಟು ಮೌನವಿತ್ತೆಂಬುದು ಅರಿವಾಗುವುದು. ಚಿತ್ರದಲ್ಲಿ ಮುಂಭಾಗದ ಅಲೆಗಳು ಇನ್ನೂ ದೂರದ ಪ್ರತಿಬಿಂಬವನ್ನು ತಲುಪಿಲ್ಲ. ಬೆಟ್ಟದ ನೆರಳು ಕದಡದೆ ನಿಂತಿದೆ. ಇನ್ನೊಂದು ಕ್ಷಣದಲ್ಲಿ ನೀರು ನಡುಗುತ್ತದೆ, ಸೂರ್ಯ ಮೇಲೇಳುತ್ತಾನೆ, ನಕ್ಷತ್ರ ಮಾಸುತ್ತದೆ, ನೀಲಿ ಕರಗುತ್ತದೆ. ಕರಡಿನಲ್ಲಿ ಬೆಟ್ಟವಿದೆ; ಕೃತಿಯಲ್ಲಿ ಈ ಹೊತ್ತಿದೆ. ಈ ವ್ಯತ್ಯಾಸವನ್ನು ನಾವು ಆಭರಣವೆಂದು ಕರೆದದ್ದು ದುಡುಕು.

ಹಾಗೆಂದು ಶಿಕ್ಷಕರ ಪಕ್ಷಕ್ಕೆ ಸಂಪೂರ್ಣವಾಗಿ ಶರಣಾಗಲು ಮನಸ್ಸು ಒಡಂಬಡದು. ಪೂರ್ಣಚಿತ್ರದಲ್ಲಿ ಕಳೆದುಕೊಂಡದ್ದೂ ಇದೆ. ಸಂಗೀತವನ್ನು ಬಲ್ಲವರು ಆಲಾಪನೆಯನ್ನು ಕೇಳುವಾಗಿನ ಸುಖ ಬೇರೆ, ಕೃತಿಯನ್ನು ಕೇಳುವಾಗಿನದು ಬೇರೆ ಎನ್ನುತ್ತಾರೆ. ಆಲಾಪನೆಯಲ್ಲಿ ರಾಗ ಇನ್ನೂ ಯಾವ ಮಾತಿಗೂ ಕಟ್ಟುಬಿದ್ದಿರುವುದಿಲ್ಲ. ಕರಡಿನ ನೀಲಿಯಲ್ಲಿ ನೀರು ತಾನಾಗಿ ಹರಿದು ನಿಂತ ಗುರುತುಗಳಿವೆ. ಚಿತ್ರಕಾರನ ಇಚ್ಛೆಯೂ ನೀರಿನ ಇಚ್ಛೆಯೂ ಒಂದೆಡೆ ಕೂಡಿದ ಗುರುತುಗಳು ಅವು. ಪೂರ್ಣಚಿತ್ರದಲ್ಲಿ ನೀರಿಗೆ ಇಚ್ಛೆಯಿಲ್ಲ, ಎಲ್ಲವೂ ಟರ್ನರನದೇ. ಅದರ ಎಳೆಗಳ ನೇಯ್ಗೆ ಕೆಲವೆಡೆ, ವಿಶೇಷವಾಗಿ ಮುಂಭಾಗದಲ್ಲಿ, ಕೊಳ್ಳುವವನಿಗೆ ಇಷ್ಟು ಗಿನಿಗೆ ಇಷ್ಟು ಶ್ರಮವೆಂದು ಲೆಕ್ಕ ಒಪ್ಪಿಸುವಂತೆ ನಮಗೆ ತೋರಿತು. ಇದು ಅನ್ಯಾಯದ ಮಾತೆಂದು ಶಿಕ್ಷಕರು ಮತ್ತೊಂದು ಕಾಗದ ಬರೆದರೆ ಅದನ್ನೂ ಓದುತ್ತೇವೆ.

ಆದರೆ ಈಚಿನ ದಿನಗಳಲ್ಲಿ ಕರಡನ್ನು ಹೊಗಳುವುದೇ ಒಂದು ಪರಿಪಾಠವಾಗಿದೆಯೆಂಬುದನ್ನು ನಮ್ಮನ್ನೂ ಸೇರಿಸಿಕೊಂಡು ಹೇಳಬೇಕು. ಅಪೂರ್ಣವಾದದ್ದು ಪ್ರಾಮಾಣಿಕ, ಪೂರ್ಣವಾದದ್ದು ಕೃತಕ ಎಂಬ ಎಣಿಕೆ ಆಧುನಿಕರಲ್ಲಿ ಬೇರೂರಿದೆ. ಕರಡನ್ನು ಮೆಚ್ಚುವುದು ಒಂದು ನೋಟಕ್ಕೆ ಸಾಧ್ಯ. ಪೂರ್ಣಚಿತ್ರವು ನೋಡುವವನಿಂದಲೂ ಶ್ರಮವನ್ನು ಬೇಡುತ್ತದೆ. ಅದನ್ನು ಕೊಡಲೊಲ್ಲದವನು ದೋಷವನ್ನು ಚಿತ್ರದ ಮೇಲೆ ಹೊರಿಸುತ್ತಾನೆ. ಉಪನ್ಯಾಸದ ಹಿಂದಿನ ರಾತ್ರಿ ಅವಸರದಲ್ಲಿ ಟಿಪ್ಪಣಿ ತಿರುವಿಹಾಕಿದ ನಮಗೆ ಆದದ್ದೂ ಇದೇ.

ಮಾರುಕಟ್ಟೆಯ ವಿಚಾರ ಎರಡೇ ಮಾತು. ಎಂಬತ್ತು ಗಿನಿಗೆ ಹಿಂದೆಮುಂದೆ ನೋಡಿದ ಈ ಕಾಗದದ ಹಾಳೆ 2006ರ ಹರಾಜಿನಲ್ಲಿ 58 ಲಕ್ಷ ಪೌಂಡುಗಳಿಗೂ ಮಿಕ್ಕ ಬೆಲೆಗೆ ಹೋಯಿತು. ದೇಶ ಬಿಟ್ಟು ಹೋಗದಂತೆ ಸರ್ಕಾರ ತಾತ್ಕಾಲಿಕವಾಗಿ ತಡೆಯೊಡ್ಡಿತು. ಟೇಟ್ ಸಂಗ್ರಹಾಲಯವು ನಿಧಿ ಕೂಡಿಸಿ 2007ರಲ್ಲಿ 49.5 ಲಕ್ಷ ಪೌಂಡುಗಳಿಗೆ ಅದನ್ನು ಪಡೆಯಿತು. ಐದು ಪೌಂಡು ಕೊಟ್ಟವರಿಗೆ ಚಿತ್ರದ ಒಂದು ಕುಂಚಸ್ಪರ್ಶವನ್ನು ‘ಮಾರುವ’ ಉಪಾಯವನ್ನೂ ಹೂಡಿದ್ದರಂತೆ. ಯಾರಾದರೂ ಆ ನಕ್ಷತ್ರವನ್ನು ಕೇಳಿ ಪಡೆದರೋ ಇಲ್ಲವೋ! ಅದು ಕುಂಚದ ಸ್ಪರ್ಶವಲ್ಲವಾದ್ದರಿಂದ ಲೆಕ್ಕಕ್ಕೆ ಬರಲಿಕ್ಕಿಲ್ಲ. ಆ ವರ್ಷವೇ ನೀಲಿ, ಕೆಂಪು, ಕಪ್ಪು ರಿಗಿಗಳು ಮೂರನ್ನೂ ಲಂಡನ್ನಿನಲ್ಲಿ ಒಂದೆಡೆ ಪ್ರದರ್ಶಿಸಲಾಯಿತು. ಕೆಂಪು ರಿಗಿ ಇರುವುದು ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ.

ಕರಡಿಗೆ ಇಂಥ ಚರಿತ್ರೆಯೇನೂ ಇಲ್ಲ. ಟರ್ನರ್ ತೀರಿಕೊಂಡಾಗ ಅವನ ಬಳಿಯಲ್ಲಿಯೇ ಉಳಿದಿದ್ದ ಸಾವಿರಾರು ಹಾಳೆಗಳೊಡನೆ ಅದೂ ರಾಷ್ಟ್ರದ ಸೊತ್ತಾಯಿತು. ಅಂದು ಅಧ್ಯಯನಕೊಠಡಿಯಲ್ಲಿ ನಮ್ಮ ಸಮಯ ಮುಗಿದಾಗ ಅಲ್ಲಿನ ಸಿಬ್ಬಂದಿ ಎರಡನ್ನೂ ಪೆಟ್ಟಿಗೆಗಳಿಗೆ ಮರಳಿಸಲು ಬಂದರು. ದೊಡ್ಡದನ್ನು ಮೊದಲು ತೆಗೆದುಕೊಳ್ಳಿರೆಂದು, ಚಿಕ್ಕದನ್ನು ಇನ್ನೆರಡು ನಿಮಿಷ ಮೇಜಿನ ಮೇಲೆಯೇ ಇರಗೊಡಿರೆಂದು ನಾವು ಕೇಳಿಕೊಂಡೆವು. ಈಗ ಹೋಗುವ ಯೋಗ ಒದಗಿದರೆ ಯಾವುದನ್ನು ಉಳಿಸಿಕೊಳ್ಳಲು ಕೇಳುತ್ತಿದ್ದೆವೋ, ನಿಶ್ಚಯವಾಗಿ ಹೇಳಲಾರೆವು.